ಬೆಣ್ಣೆ ಮಾಮನ ಬಲಗೈ

ಕೈಗೆ ಸೊಕ್ಕು ಇರಬಾರದು ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರು ಬೆಣ್ಣೆ ಮಾಮನ ಕುರ್ಚಿಯಲ್ಲಿ ಒಮ್ಮೆಯಾದರೂ ಕೂತಿದ್ದರೆ ಮಾತು ಬದಲಿಸುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಬೀದಿಯ ಗಂಡಸರ ಗಡ್ಡ ತೆಗೆದ ಕೈ ಅದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಎಂದು ಯಾವನೋ ಗಿರಾಕಿ ಹೊಗಳಿದ್ದು ಅಂಟಿಕೊಂಡು ಹೆಸರೇ ಬೆಣ್ಣೆ ಮಾಮ ಎಂದಾಯಿತು. ನಿಜವಾದ ಹೆಸರು ಅಂಗಡಿಯ ಗೋಡೆಗೆ ತೂಗುಹಾಕಿದ ಪರವಾನಗಿ ಪತ್ರದಲ್ಲಿದೆ. ಅದನ್ನು ಓದುವ ಗೊಡವೆಗೆ ಯಾರೂ ಹೋದವರಲ್ಲ.

ಅಂಥ ಮಾಮ ಏಳು ವಾರದಿಂದ ರೇಜರಿನಲ್ಲಿ ಒಂದು ಗಡ್ಡವನ್ನೂ ತೆಗೆದಿರಲಿಲ್ಲ.

ಆದದ್ದು ಇಷ್ಟು. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಗಣಿತ ಹೇಳಿ ಹೇಳಿ ನಿವೃತ್ತರಾದವರು, ದಿನ ಬಿಟ್ಟು ದಿನ ಬರುವ ಹಳೇ ಗಿರಾಕಿ. ತಲೆ ಹಿಂದಕ್ಕೆ, ಗಂಟಲು ಮೇಲಕ್ಕೆ, ಅರ್ಧ ಮುಖದಲ್ಲಿ ನೊರೆ. ಅಲಗು ಗಂಟಲಮಣಿಯ ಹತ್ತಿರ ಇತ್ತು. ಆಗ ಬೆಳಗ್ಗೆಯೇ ಏರಿಸಿಕೊಂಡು ಬಂದ ಒಬ್ಬ ದಾಂಡಿಗ ಬಾಗಿಲಲ್ಲಿ ನುಗ್ಗಿದ. ಅವನ ಜಗಳ ಪಕ್ಕದ ಟೈರು ಅಂಗಡಿಯವನ ಜೊತೆ, ಅದೂ ಗಾಡಿ ನಿಲ್ಲಿಸುವ ಜಾಗಕ್ಕೆ. ಕುಡಿದ ಕಣ್ಣಿಗೆ ಎರಡು ಬಾಗಿಲೂ ಒಂದೇ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಬಾಗಿಲಿಗೆ ಒರಗಿತ್ತು. ಅದನ್ನೇ ಎತ್ತಿ ಮಾಮನ ಬೆನ್ನಿಗೆ ಬಿಟ್ಟ. ಒಂದಲ್ಲ, ಮೂರು. ಮೂರನೆಯದು ಕಿವಿ ಹರಿದು ಭುಜಕ್ಕೆ ಇಳಿಯಿತು. ಅಷ್ಟರಲ್ಲಿ ಟೈರು ಅಂಗಡಿಯವರು ಓಡಿಬಂದು ಅವನನ್ನು ಕೆಡವಿಕೊಂಡರು.

ಮಾಮ ನಿಂತೇ ಇದ್ದ. ತಿರುಗಲಿಲ್ಲ, ತಡೆಯಲಿಲ್ಲ, ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಅವನ ಕೈಯಿಂದ ರೇಜರ್ ಬಿಡಿಸುವುದಕ್ಕೆ ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು. ಆಸ್ಪತ್ರೆಗೆ ಹೋಗುವ ಆಟೋ ಹತ್ತುವಾಗ ಮೇಷ್ಟ್ರ ಕೊರಳ ಮೇಲಿದ್ದ ಬಿಳಿ ಟವೆಲ್ಲಿನಲ್ಲಿ ಕೆಂಪು ಕಂಡಿದ್ದಷ್ಟೇ ಅವನಿಗೆ ನೆನಪು. ಅದು ತನ್ನ ಕಿವಿಯ ರಕ್ತವೋ, ಮೇಷ್ಟ್ರ ಗಂಟಲಿನದೋ ಗೊತ್ತಿಲ್ಲ. ಕೇಳುವುದಕ್ಕೆ ಧೈರ್ಯ ಬರಲಿಲ್ಲ. ಮೇಷ್ಟ್ರು ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಬರದೇ ಇದ್ದದ್ದೇ ಉತ್ತರ ಎಂದು ಮಾಮ ತಿಳಿದುಕೊಂಡ.

ಬೀದಿಗೆ ಮಾತಾಡಲು ಏನಾದರೂ ಬೇಕಲ್ಲ. ಮಾಮ ಮರಗಟ್ಟಿ ನಿಂತನಂತೆ ಎಂದರು ಕೆಲವರು. ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವ ಭಾವಮೈದ, ಎಂದರೆ ಹೆಂಡತಿಯ ತಮ್ಮ, ಅವತ್ತು ಆ ಹೊತ್ತಿಗೆ ಚಹಾಕ್ಕೆ ಹೋಗಿದ್ದವನು, ಬಾಯಿಗೆ ಬೀಗವಿಲ್ಲದ ಮನುಷ್ಯ. "ಕಂಬಕ್ಕೆ ಹೊಡೆದ್ರೂ ಠಣ್ ಅನ್ನುತ್ತೆ, ನಮ್ಮ ಭಾವ ಅದೂ ಅನ್ಲಿಲ್ಲ" ಎಂದು ಗಿರಾಕಿಗಳ ಮುಂದೆ ಹೇಳಿ ನಗಿಸಿದ. ಕೆಟ್ಟವನೇನಲ್ಲ, ಗಾಯಕ್ಕೆ ಬ್ಯಾಂಡೇಜು ಬದಲಿಸಿದವನೂ ಅವನೇ. ಆದರೆ ಆ ಮಾತು ಮಾಮನ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು.

ಬೆನ್ನು ಒಂದು ತಿಂಗಳಲ್ಲಿ ವಾಸಿಯಾಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಕತ್ತರಿ ಹಿಡಿದರೆ ಕೈ ಮೊದಲಿನಂತೆಯೇ ಆಡುತ್ತದೆ. ಟ್ರಿಮ್ಮರಿಗೂ ತಕರಾರಿಲ್ಲ. ಆದರೆ ರೇಜರ್ ಹಿಡಿದು ಒಂದು ಗಂಟಲಿನ ಕಡೆ ಹೋದನೋ, ಬಲಭುಜ ಬೀಗ ಹಾಕಿದಂತೆ ನಿಂತುಬಿಡುತ್ತದೆ. ಉಸಿರು ಅರ್ಧದಲ್ಲಿ ನಿಲ್ಲುತ್ತದೆ, ಕುತ್ತಿಗೆಯ ಹಿಂದೆ ತಣ್ಣನೆ ಬೆವರು. ಗಿರಾಕಿ ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಮಾಮ ರೇಜರ್ ಇಟ್ಟು, "ಈಗ ಎಲ್ಲಾ ಮಿಷನ್ನೇ ಫ್ಯಾಷನ್" ಎಂದು ಟ್ರಿಮ್ಮರ್ ತೆಗೆದುಕೊಳ್ಳುತ್ತಾನೆ. ಯಾರು ನಂಬಿದರು, ಯಾರು ನಂಬಿದಂತೆ ಮಾಡಿದರು, ಅದು ಬೇರೆ ಮಾತು.

ಎರಡೇ ಕುರ್ಚಿಯ ಅಂಗಡಿ. ಬಾಗಿಲ ಪಕ್ಕದ್ದು ಮೊದಲನೇ ಕುರ್ಚಿ, ಅದು ಯಜಮಾನನದು. ರೇಜರ್ ಹಿಡಿಯಲಾರದವನು ಅಲ್ಲಿ ನಿಲ್ಲಬಾರದು ಎಂದು ಎಲ್ಲೂ ಬರೆದಿಲ್ಲ. ಕಸುಬಿನವರಿಗೆ ಬರೆದು ತೋರಿಸುವ ಅಗತ್ಯವೂ ಇಲ್ಲ. ಒಂದು ಸಂಜೆ ಮಾಮ ಭಾವಮೈದನಿಗೆ ಹೇಳಿಬಿಟ್ಟ: "ಮುಂದಿನ ತಿಂಗಳಿಂದ ಮೊದಲನೇ ಕುರ್ಚಿ ನಿಂದು."

ಭಾವಮೈದ ಅಂದು ತಮಾಷೆ ಮಾಡಲಿಲ್ಲ. ನೆಲ ಗುಡಿಸುತ್ತಿದ್ದವನು ಗುಡಿಸುತ್ತಲೇ ಇದ್ದ.

ಈ ಸುದ್ದಿ ಮನೆಗೆ ಮುಟ್ಟಿದಾಗ ಹೆಂಡತಿ ಮಡಿಸುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟಳು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಅವಳಿಗೆ. ದಿನಕ್ಕೆ ನಾನೂರು ಚಾದರ ಎಣಿಸುವವಳಿಗೆ ಸುತ್ತಿ ಬಳಸಿ ಮಾತಾಡಲು ಪುರುಸೊತ್ತಿಲ್ಲ.

"ಕುರ್ಚಿ ಕೊಡೋದು ನಿಮ್ಮಿಷ್ಟ. ಕೊಡೋಕೆ ಮುಂಚೆ ನಾಲ್ಕು ಸಲ ಒಬ್ರ ಹತ್ರ ಹೋಗಿಬನ್ನಿ. ನಮ್ಮ ಆಸ್ಪತ್ರೆಗೆ ಬರ್ತಾರೆ ಆ ಮೇಡಂ. ದೊಡ್ಡ ಆಘಾತ ಆದೋರಿಗೆ ಮೈ ಕಡೆಯಿಂದ ಚಿಕಿತ್ಸೆ ಮಾಡ್ತಾರೆ."

"ಮೈಗೇನಾಗಿದೆ ನಂಗೆ? ಡಾಕ್ಟ್ರೇ ಏನಿಲ್ಲ ಅಂದ್ರಲ್ಲ."

"ಡಾಕ್ಟ್ರು ಎಲುಬು ನೋಡಿದ್ರು ರೀ. ನಾನು ಗಂಡನ್ನ ನೋಡ್ತಿದೀನಿ."

ಮಾಮ ಹೋಗಿಬರಲು ಒಪ್ಪಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಇಂಥ ಮಾತಿಗೆ ಎದುರಾಡಿ ಗೆದ್ದದ್ದು ಕಡಿಮೆಯೇ.

ಮೇಡಂ ಅವರದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಎರಡು ಕುರ್ಚಿ, ಒಂದು ಚಾಪೆ, ಮಡಿಸಿಟ್ಟ ಕಂಬಳಿ, ಎದುರು ಕಟ್ಟಡದ ಗೋಡೆ ಕಾಣುವ ಕಿಟಕಿ. ಸೂಜಿ ಇಲ್ಲ, ಯಂತ್ರ ಇಲ್ಲ, ಗೋಡೆಯ ಮೇಲೆ ನರಗಳ ಚಿತ್ರವೂ ಇಲ್ಲ. ಇಷ್ಟು ಖಾಲಿ ಅಂಗಡಿಗೆ ಗಿರಾಕಿ ಹೇಗೆ ಬರುತ್ತಾರೆ, ಮಾಮ ಮೊದಲು ಯೋಚಿಸಿದ್ದು ಅದನ್ನೇ. ಮೇಡಂ ಎಂದರೆ ಮೂವತ್ತೈದರ ಆಸುಪಾಸಿನ, ಕನ್ನಡಕದ, ಬರಿಗಾಲಿನ ಹೆಂಗಸು.

"ಎಲ್ಲಿ ಕೂತ್ಕೋಬೇಕು ಅನ್ಸುತ್ತೋ ಅಲ್ಲಿ ಕೂತ್ಕೊಳ್ಳಿ" ಎಂದರು.

ಕೂರುವ ಜಾಗ ಊರಿಗೆಲ್ಲ ತೋರಿಸಿದ ಮನುಷ್ಯನಿಗೆ ಇದೊಂದು ಹೊಸ ಪೇಚು. ಅತ್ತ ಇತ್ತ ನೋಡಿ ಕುರ್ಚಿಯನ್ನು ಗೋಡೆಗೆ ತಾಗುವಂತೆ ಎಳೆದುಕೊಂಡ. ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು. ಮೇಡಂ ನೋಡಿ, ತಮ್ಮ ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗದಂತೆ ಸರಿಸಿಕೊಂಡರು.

"ಪಾದ ನೆಲಕ್ಕೆ ತಾಗಿರೋದು ಗೊತ್ತಾಗ್ತಿದ್ಯಾ?"

"ತಾಗದೇ ಇದ್ರೆ ಹಾರ್ತಾ ಇರ್ಬೇಕಿತ್ತಲ್ಲ ಮೇಡಂ."

ಆಕೆ ನಕ್ಕರು. "ಹಾರ್ತಾ ಇಲ್ಲ ಅಂತ ನಿಮ್ಮ ಕಾಲಿಗೂ ಗೊತ್ತಾಗ್ಲಿ. ನಿಧಾನವಾಗಿ ಒತ್ತಿ ನೋಡಿ."

ಒತ್ತಿದ. ಹಿಮ್ಮಡಿ, ಆಮೇಲೆ ಹೆಬ್ಬೆರಳು. ಬೆನ್ನಿಗೆ ಗೋಡೆ ಆತುಕೊಂಡದ್ದನ್ನು ಗಮನಿಸಲು ಹೇಳಿದರು. ಗಮನಿಸಿದ. ಏನಾಯಿತು ಎಂದು ಕೇಳುತ್ತಾರೆ, ಕಥೆ ಹೇಳಬೇಕು ಎಂದು ಮಾಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಮೇಡಂ ಅದನ್ನು ಕೇಳಲೇ ಇಲ್ಲ. ಕಥೆ ಬೇಕಾದಾಗ ಹೇಳಿ, ಬೇಡವಾದರೆ ಬೇಡ, ಮೈಗೆ ಕಥೆ ಗೊತ್ತಿದೆ ಎಂದರು. ಮುಕ್ಕಾಲು ಗಂಟೆ ಕಳೆದು ಎದ್ದಾಗ ಮಾಮನಿಗೆ ಏನೂ ಆಗಿಲ್ಲವೆನ್ನಿಸಿತು. ಬಾಗಿಲಲ್ಲಿ ತಿರುಗಿ, ಕಸುಬಿನ ಚಟ ತಡೆಯಲಾರದೆ ಹೇಳಿದ: "ನಿಮ್ಮ ಬಲಭುಜ ಎಡಕ್ಕಿಂತ ಒಂದು ಬೆರಳು ಮೇಲಿದೆ ಮೇಡಂ. ಚೀಲ ಒಂದೇ ಕಡೆ ಹಾಕ್ತೀರಿ."

ಆಕೆ ಭುಜ ಮುಟ್ಟಿ ನೋಡಿಕೊಂಡರು. "ಬೇರೆಯವರ ಮೈ ಇಷ್ಟು ಚೆನ್ನಾಗಿ ಓದ್ತೀರಲ್ಲ" ಎಂದಷ್ಟೇ ಹೇಳಿದರು. ಮೆಟ್ಟಿಲು ಇಳಿಯುವಾಗ ಆ ಮಾತಿನ ಉಳಿದರ್ಧ ಮಾಮನಿಗೆ ತಾನಾಗಿಯೇ ಕೇಳಿಸಿತು.

ಎರಡನೇ ವಾರ ಮಾಮ ಒಂದು ತಪ್ಪು ಮಾಡಿದ. ಕ್ಷೌರದವನಲ್ಲದೆ ಇನ್ನೊಬ್ಬ ಮಾಡಲಾರದ ತಪ್ಪು. "ಉಸಿರು ಎಲ್ಲಿವರೆಗೂ ಹೋಗ್ತಿದೆ ನೋಡಿ" ಎಂದು ಮೇಡಂ ಅಂದದ್ದೇ ತಡ, ತಲೆ ಹಿಂದಕ್ಕೆ ಹಾಕಿದ, ಕಣ್ಣು ಮುಚ್ಚಿದ, ದವಡೆ ಸಡಿಲ ಬಿಟ್ಟ, ಎರಡೂ ಕೈ ತೊಡೆಯ ಮೇಲಿಟ್ಟ. ಮೇಡಂ ಹೇಳಿದ್ದಕ್ಕೆಲ್ಲ ಹೂಂ ಎಂದ. ಸಡಿಲ ಆಯ್ತಾ, ಹೂಂ. ಬೆಚ್ಚಗಿದೆಯಾ, ಹೂಂ. ಹತ್ತು ನಿಮಿಷ ಕಳೆದ ಮೇಲೆ ಸದ್ದೇ ಇಲ್ಲವೆಂದು ಕಣ್ಣು ಬಿಟ್ಟರೆ ಆಕೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು.

"ನಾನು ನಿಮಗೆ ಶೇವ್ ಮಾಡಲ್ಲ" ಎಂದರು. "ಒಳ್ಳೇ ಗಿರಾಕಿ ಹೇಗೆ ಕೂರ್ತಾನೆ ಅಂತ ಇಷ್ಟು ವರ್ಷ ನೋಡಿದೀರಿ. ಅದೇ ಥರ ಕೂತಿದ್ದೀರಿ. ನನಗೆ ಗಿರಾಕಿ ಬೇಡ, ಕಸುಬುದಾರ ಬೇಕು."

ಮಾಮನಿಗೆ ನಗು ಬಂತು, ನಾಚಿಕೆಯೂ ಆಯಿತು. ಅದೇ ಬಿಸಿಯಲ್ಲಿ ಇನ್ನೊಂದನ್ನೂ ಒಪ್ಪಿಕೊಂಡ. ಅಂಗಡಿ ಮುಚ್ಚುವ ಮುನ್ನ ದಿನಾ ಭಾವಮೈದನ ಕೈಲಿ ಎಣ್ಣೆ ಹಾಕಿಸಿ ಭುಜ ತಿಕ್ಕಿಸುತ್ತಿದ್ದ, ಹಿಡಿದು ತಿರುಚಿಸುತ್ತಿದ್ದ, ಕಟಕಟ ಅನ್ನಿಸುತ್ತಿದ್ದ.

"ಸಡಿಲ ಆಗುತ್ತಾ?"

"ಆಗುತ್ತೆ. ರೇಜರ್ ಹಿಡಿದ ತಕ್ಷಣ ಮತ್ತೆ ಬಿಗಿ. ಈಗೀಗ ಮೊದಲಿಗಿಂತ ಜಾಸ್ತಿ."

"ನಿಮ್ಮ ಕುರ್ಚಿಲಿ ಒಂದು ಮಗು ಕುತ್ತಿಗೆ ಬಿಗಿ ಹಿಡಿದ್ರೆ ತಿರುಚ್ತೀರಾ?"

"ಛೆ, ಇಲ್ಲ. ಮಾತಾಡಿಸ್ತೀನಿ."

"ಭುಜಕ್ಕೂ ಅಷ್ಟೇ. ಬಿಗಿ ಹಿಡಿಯೋಕೆ ಅದರ ಹತ್ರ ಏನೋ ಕಾರಣ ಇದೆ. ಕಾರಣ ಕೇಳದೆ ಬಿಡಿಸೋಕೆ ಹೋದ್ರೆ ಇನ್ನೂ ಗಟ್ಟಿ ಹಿಡಿಯುತ್ತೆ."

ಮೂರನೇ ವಾರಕ್ಕೆ ರೇಜರ್ ತರಲು ಹೇಳಿದರು, ಬ್ಲೇಡು ಬೇಡ. ಆದರೆ ಗಂಟಲು ಯಾರದು? ಮೇಡಂ ತಮ್ಮದು ಕೊಡಲು ತಯಾರಿರಲಿಲ್ಲ, ಬುದ್ಧಿವಂತೆ. ಮಾಮ ಒಂದು ದಾರಿ ಹೇಳಿದ. ಕಸುಬು ಕಲಿಯುವವರಿಗೆ ಮೊದಲ ಗಲ್ಲ ಬಲೂನು. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ಕೆರೆಯಬೇಕು. ಮಾಮ ಕಲಿಯುವಾಗ ನಲವತ್ತು ಬಲೂನು ಒಡೆದಿದ್ದ. ನಲವತ್ತೊಂದನೆಯದು ಉಳಿಯಿತು.

ಹಾಗಾಗಿ ಮೂರನೇ ಭೇಟಿಗೆ ನಲವತ್ತೆಂಟು ವರ್ಷದ ಗಂಡಸು ಒಂದು ಕೈಚೀಲದಲ್ಲಿ ರೇಜರ್, ಬ್ರಷ್ಷು, ಸೋಪಿನ ಬಟ್ಟಲು, ಹಳದಿ ಬಲೂನು ಹಿಡಿದು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದ. ಕೆಳಗಿನವರು ಏನೆಂದುಕೊಂಡರೋ. ಬಲೂನನ್ನು ಕುರ್ಚಿಯ ಬೆನ್ನಿಗೆ ಕಟ್ಟಿದರು. ಮಾಮ ನೊರೆ ಮಾಡಿ ಹಚ್ಚಿದ. ಬ್ರಷ್ಷು ಸುತ್ತುವಾಗ ಕೈ ಮೊದಲಿನ ಹಾಗೇ ಹಗುರವಾಗಿತ್ತು. ರೇಜರ್ ಬಿಚ್ಚಿ ಹತ್ತಿರ ತಂದ. ಬ್ಲೇಡಿಲ್ಲದ ರೇಜರ್, ಬಲೂನಿನ ಗಂಟಲು. ಆದರೂ ಭುಜ ನಿಂತಿತು, ಉಸಿರು ನಿಂತಿತು.

"ಬಿಡಿಸೋಕೆ ಹೋಗಬೇಡಿ" ಎಂದರು ಮೇಡಂ, ಪಕ್ಕದಲ್ಲಿ ನಿಂತು. "ಪಾದ ನೆಲದ ಮೇಲಿದೆ. ಬಾಗಿಲಿಗೆ ಚಿಲಕ ಹಾಕಿದೀನಿ. ಸಾಕು ಅನ್ಸಿದ್ರೆ ಸಾಕು ಅನ್ನಿ. ಈಗ ಆ ಕೈ ಏನು ಮಾಡ್ತಿದೆಯೋ ಅದನ್ನೇ ಇನ್ನೂ ಸ್ವಲ್ಪ ಮಾಡ್ಲಿ. ನೀವು ಬರೀ ನೋಡಿ. ಯಾವ ಕಡೆ ಹೋಗ್ತಿದೆ?"

"ಎಲ್ಲೂ ಹೋಗ್ತಿಲ್ಲ. ನಿಂತಿದೆ."

"ನಿಧಾನ. ಇನ್ನೊಂದು ಸಲ ನೋಡಿ. ಬೇರೆಯವರ ಕೈ ಅಂದ್ಕೊಂಡು ನೋಡಿ."

ಬೇರೆಯವರ ಕೈ ಎಂದ ಕೂಡಲೇ ಮಾಮನ ಕಣ್ಣು ಕಸುಬಿನ ಕಣ್ಣಾಯಿತು. ಮೊಣಕೈ ನೋಡಿದ. ಅದು ಒಂದು ಅಂಗುಲ ಮೇಲೆದ್ದಿತ್ತು. ಮಣಿಕಟ್ಟು ಹೊರಗೆ ತಿರುಗಿತ್ತು. ಹೆಬ್ಬೆರಳು ರೇಜರಿನ ಬೆನ್ನನ್ನು ತಳ್ಳಿ, ಅಲಗು ಇರಬೇಕಾದ ಕಡೆಯನ್ನು ಚರ್ಮದಿಂದ ಆಚೆಗೆ ಹಿಡಿದಿತ್ತು. ಎಡಗೈ, ಅದನ್ನಂತೂ ಅವನು ಗಮನಿಸಿಯೇ ಇರಲಿಲ್ಲ, ಬಲೂನಿನ ನೆತ್ತಿಯ ಮೇಲೆ ಒತ್ತಿ ಅದನ್ನು ಅಲ್ಲಾಡದಂತೆ ಹಿಡಿದಿತ್ತು.

ಮಾಮ ಎರಡೂ ಕೈಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದ.

"ಮೇಡಂ, ಇದು ಹೆದರಿದ ಕೈ ಅಲ್ಲ" ಎಂದ ಕೊನೆಗೆ. "ಇದು ಕೆಲಸ ಮಾಡ್ತಿರೋ ಕೈ. ಗಿರಾಕಿ ಕೆಮ್ಮಿದ್ರೆ, ಸೀನಿದ್ರೆ ಹಿಂಗೇ ಹಿಡೀಬೇಕು ಅಂತ ಮೊದಲನೇ ದಿನ ಹೇಳಿಕೊಡ್ತಾರೆ. ಅಲಗು ಆಚೆ, ತಲೆ ಗಟ್ಟಿ. ನಾನು... ನಾನು ಮೇಷ್ಟ್ರ ಗಂಟಲು ಕಾಯ್ತಾ ಇದ್ದೆ."

"ಇನ್ನೂ ಕಾಯ್ತಾ ಇದ್ದೀರಿ" ಎಂದರು ಮೇಡಂ ಮೆಲ್ಲಗೆ. "ಒಂಬತ್ತು ಹತ್ತು ವಾರದಿಂದ. ಏಟು ನಿಂತಿದ್ದು ನಿಮಗೆ ಗೊತ್ತು, ಕೈಗೆ ಯಾರೂ ಹೇಳಿಲ್ಲ. ಅವತ್ತು ಆ ಕೈಗೆ ಇನ್ನೇನು ಮಾಡ್ಬೇಕು ಅನ್ನಿಸ್ತಿತ್ತು?"

ಉತ್ತರ ಬಾಯಿಂದ ಬರಲಿಲ್ಲ, ಮೊಣಕಾಲಿನಿಂದ ಬಂತು. ಮೊದಲು ಸಣ್ಣಗೆ ನಡುಗಿತು, ಆಮೇಲೆ ತೊಡೆ, ಆಮೇಲೆ ಬೆನ್ನು ಪೂರ್ತಿ. ತಡೆಯಬೇಡಿ, ಬಂದದ್ದು ಬಂದು ಹೋಗಲಿ ಎಂದರು ಮೇಡಂ. ಮಾಮ ಬಹಳ ನಿಧಾನವಾಗಿ, ನೀರಿನೊಳಗೆ ನಡೆಯುವವನಂತೆ, ರೇಜರನ್ನು ಗಂಟಲಿನಿಂದ ದೂರ ತೆಗೆದ. ಮಡಿಸಿದ. ಕಿಟಕಿಯ ಕಟ್ಟೆಯ ಮೇಲಿಟ್ಟ. ಆಮೇಲೆ ತಿರುಗಿದ. ಮೇಡಂ ಮಡಿಸಿದ ಕಂಬಳಿಯನ್ನು ಎದೆಗೆ ಅಡ್ಡ ಹಿಡಿದು ನಿಂತಿದ್ದರು. ಮಾಮ ಎರಡೂ ಅಂಗೈ ಅದರ ಮೇಲಿಟ್ಟು ತಳ್ಳಿದ. ಮೊದಲು ಸಂಕೋಚದಿಂದ, ಆಮೇಲೆ ಭುಜದಿಂದ, ಆಮೇಲೆ ಹಿಮ್ಮಡಿಯಿಂದ. ಗಂಟಲಿನಿಂದ ಒಂದು ದನಿ ಬಂತು. ಅದು ಬೈಗುಳವೋ ಅಳುವೋ ಅವನಿಗೇ ತಿಳಿಯಲಿಲ್ಲ. ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು, ಮೂರನೆಯದಕ್ಕೆ ಗೋಡೆ ಸಿಕ್ಕಿತು.

ಆಮೇಲೆ ಮಾಮ ಕುರ್ಚಿಯಲ್ಲಿ ಕೂತು ಮನಸಾರೆ ಅತ್ತ. ಅಳು ಮುಗಿದ ಮೇಲೆ ಭುಜ ಬೆಚ್ಚಗಿತ್ತು, ಮೊಣಕೈವರೆಗೂ ರಕ್ತ ಓಡಾಡುವುದು ಗೊತ್ತಾಗುತ್ತಿತ್ತು. ನೀರು ಕುಡಿದ. ಎದ್ದು, ಕಟ್ಟೆಯ ಮೇಲಿನ ರೇಜರ್ ತೆಗೆದುಕೊಂಡು, ಬಲೂನಿನ ನೊರೆಯನ್ನು ಮೂರು ಎಳೆತದಲ್ಲಿ ತೆಗೆದ. ಅರ್ಧ ಗಡ್ಡಕ್ಕೆ ಯಾರನ್ನೂ ಬಿಡಬಾರದು, ಅದು ಬಲೂನಾದರೂ ಸರಿ.

"ವಾಸಿ ಆಯ್ತಾ ಮೇಡಂ?"

"ಮತ್ತೆ ಬರುತ್ತೆ. ಬಂದಾಗ ಏನು ಮಾಡ್ಬೇಕು ಅಂತ ಇವತ್ತು ನೀವೇ ಕಂಡುಹಿಡಿದ್ರಿ. ಅಲಗು ದೂರ, ಕೆಳಗಿಡೋದು, ತಿರುಗಿ ನೋಡೋದು. ನಡುಕ ಬಂದ್ರೆ ಮುಗಿಯೋವರೆಗೂ ಬಿಡೋದು. ಅಷ್ಟೇ."

ನಾಲ್ಕನೇ ವಾರ ಮತ್ತೆ ಅದನ್ನೇ ಮಾಡಿದರು, ಬಾಗಿಲ ಚಿಲಕ ತೆಗೆದಿಟ್ಟು. ಎರಡು ಸಲ ಭುಜಕ್ಕೆ ಬೀಗ ಬಿತ್ತು, ಎರಡು ಸಲವೂ ಮಾಮ ತಿರುಗಿ ಬಾಗಿಲು ನೋಡಿ ಮರಳಿದ. ಆದರೆ ಒಂದು ಪ್ರಶ್ನೆ ಮೇಡಂ ಬಿಡಿಸುವಂಥದ್ದಲ್ಲ. ಕೈ ಕಾಯಲು ನಿಂತಿತ್ತು, ಸರಿ. ಕಾದಿತೋ ಇಲ್ಲವೋ? ಟವೆಲ್ಲಿನ ಕೆಂಪು ಯಾರದು? ಮೂರನೇ ಏಟು ಭುಜಕ್ಕೇ ಬಿದ್ದಿತ್ತು. ಭುಜ ಅಲುಗಿದರೆ ಅಲಗೂ ಅಲುಗುತ್ತದೆ. ಬಲೂನು ಸಾಕ್ಷಿ ಹೇಳುವುದಿಲ್ಲ. ಮೇಷ್ಟ್ರ ಗಂಟಲು ಕಂಡ ಹೊರತು ತಾನು ಮೊದಲನೇ ಕುರ್ಚಿಯ ಹಿಂದೆ ನಿಲ್ಲಲಾರೆ ಎಂದು ಮಾಮನಿಗೆ ಖಚಿತವಾಗಿತ್ತು. ಕುರ್ಚಿ ಕೊಡುತ್ತೇನೆಂದ ದಿನಕ್ಕೆ ಮೂರೇ ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರ ಮನೆಯ ಗಂಟೆ ಒತ್ತಿದ. ಬಾಗಿಲು ತೆರೆದವರನ್ನು ಒಂದು ಕ್ಷಣ ಗುರುತು ಹಿಡಿಯಲಾಗಲಿಲ್ಲ. ಎದೆಯ ತನಕವಲ್ಲದಿದ್ದರೂ ಕೊರಳು ಪೂರ್ತಿ ಮುಚ್ಚುವಷ್ಟು ಬಿಳಿ ಗಡ್ಡ. ಮಾಮ ನೋಡಬೇಕೆಂದು ಬಂದ ಜಾಗವೇ ಕಾಣುತ್ತಿರಲಿಲ್ಲ.

"ಏನ್ ಮೇಷ್ಟ್ರೇ ಇದು ಅವತಾರ?"

"ಯಾರ ಹತ್ರ ಹೋಗ್ಲಿ?" ಎಂದರು ಮೇಷ್ಟ್ರು, ಅವನ ಮುಖ ನೋಡದೆ. "ನನಗೇ ಮಾಡ್ಕೊಳ್ಳೋಕೆ ಬರಲ್ಲ. ಕೈ ನಡುಗುತ್ತೆ, ವಯಸ್ಸಾಯ್ತು."

"ಬನ್ನಿ ಅಂಗಡಿಗೆ. ಈಗಲೇ."

ದಾರಿಯಲ್ಲಿ ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ಹೇಳಬೇಕಾದ ಮಾತು ಇದ್ದವರೆಲ್ಲ ಹವೆಯ ಬಗ್ಗೆಯೇ ಮಾತಾಡುವುದು.

ಭಾವಮೈದ ಎರಡನೇ ಕುರ್ಚಿಯಲ್ಲಿ ಒಬ್ಬನ ಕೂದಲು ಕತ್ತರಿಸುತ್ತಿದ್ದ. ಮೇಷ್ಟ್ರು ಮೊದಲನೇ ಕುರ್ಚಿ ಹತ್ತಿದ್ದು, ಮಾಮ ಹೊಸ ಬ್ಲೇಡು ಅರ್ಧಕ್ಕೆ ಮುರಿದು ರೇಜರಿಗೆ ಸಿಕ್ಕಿಸಿದ್ದು ನೋಡಿ ಅವನ ಕತ್ತರಿ ನಿಂತಿತು. ಮಾಮ ಮೊದಲು ಕತ್ತರಿಯಿಂದ ಗಡ್ಡ ತಗ್ಗಿಸಿದ. ಬಿಸಿನೀರಿನ ಟವೆಲ್ಲು, ಆಮೇಲೆ ನೊರೆ. ಎಡಗಲ್ಲ ಸಲೀಸಾಗಿ ಬಂತು. ಬಲಗಲ್ಲವೂ ಬಂತು. ಮೇಷ್ಟ್ರ ತಲೆ ಹಿಂದಕ್ಕೆ ಒರಗಿಸಿದ.

ಗಂಟಲು ಎದುರಾಯಿತು. ಅಷ್ಟೊತ್ತಿಗೆ ಹೊರಗೆ ಯಾರದೋ ಅಂಗಡಿಯ ಶಟರ್ ದಡದಡ ಮೇಲೆದ್ದಿತು.

ಬೀಗ ಬಿತ್ತು. ಭುಜ ಕಲ್ಲು, ಉಸಿರು ಮಾಯ, ಕುತ್ತಿಗೆಯಲ್ಲಿ ಅದೇ ತಣ್ಣನೆ ಬೆವರು. ಕನ್ನಡಿಯಲ್ಲಿ ಭಾವಮೈದನ ಮುಖ ಕಂಡಿತು, ಓಡಿ ಬರಲೋ ಬೇಡವೋ ಎಂಬಂತೆ. ಮಾಮ ಅವನತ್ತ ನೋಡಲಿಲ್ಲ. ಹಿಮ್ಮಡಿ ಒತ್ತಿದ. ಅಲಗು ದೂರ ತೆಗೆದ, ಮಡಿಸಿ ಕೆಳಗಿಟ್ಟ. ಪೂರ್ತಿ ತಿರುಗಿದ. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಟೈರು ಅಂಗಡಿಯವನು ಗಾಳಿ ತುಂಬುತ್ತಿದ್ದ, ಬೇರೆ ಯಾರೂ ಇರಲಿಲ್ಲ. ಮೊಣಕಾಲು ನಡುಗಿತು. ನಾಲ್ಕು ಜನರ ಎದುರು, ಸ್ವಂತ ಅಂಗಡಿಯಲ್ಲಿ, ನಡುಗಲು ಬಿಟ್ಟ. ಅದಕ್ಕೆ ಬೇಕಾದ ಗುಂಡಿಗೆ ಏಟು ತಿನ್ನುವುದಕ್ಕೆ ಬೇಕಾದ್ದಕ್ಕಿಂತ ದೊಡ್ಡದು. ಒಂದು ನಿಮಿಷವೋ ಒಂದೂವರೆಯೋ ಆಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ತಲೆ ಒರಗಿಸಿಕೊಂಡು, ಹಾಗೇ ಇದ್ದರು. ನಡುಕ ಇಳಿಯಿತು. ಉಸಿರು ಹೊಟ್ಟೆ ಮುಟ್ಟಿ ಬಂತು. ಮಾಮ ರೇಜರ್ ಮತ್ತೆ ತೆಗೆದುಕೊಂಡ.

ದವಡೆಯ ಕೆಳಗಿನಿಂದ ಮೊದಲ ಎಳೆತ. ನೊರೆಯ ಜೊತೆ ಬಿಳಿ ಕೂದಲು ಬಂತು, ಹಿಂದೆ ಚರ್ಮ ಕಂಡಿತು, ಬರಿಯ ಚರ್ಮ. ಎರಡನೇ ಎಳೆತ ಗಂಟಲಮಣಿಯ ಎಡಕ್ಕೆ. ಅಲ್ಲಿಯೂ ಏನಿಲ್ಲ. ಮೂರನೆಯದು ಅಂದು ಅಲಗು ಇದ್ದ ಜಾಗ. ಮಾಮ ನಿಧಾನವಾಗಿ ಎಳೆದ, ಟವೆಲ್ಲಿನಿಂದ ಒರೆಸಿದ, ಬಾಗಿ ಬೆಳಕಿಗೆ ನೋಡಿದ, ಬೆರಳಿಂದ ಸವರಿದ. ಸುಕ್ಕು ಇತ್ತು. ಒಂದು ಮಚ್ಚೆ ಇತ್ತು, ಇಪ್ಪತ್ತಾರು ವರ್ಷದಿಂದ ಅವನು ಬಲ್ಲ ಮಚ್ಚೆ. ಗಾಯದ ಗೆರೆ ಮಾತ್ರ ಇರಲಿಲ್ಲ. ಕೂದಲೆಳೆಯಷ್ಟೂ ಇರಲಿಲ್ಲ.

"ಏನು ಹುಡುಕ್ತಾ ಇದೀಯ?" ಮೇಷ್ಟ್ರು ಕಣ್ಣು ಬಿಟ್ಟರು.

"ಅವತ್ತು ನಿಮ್ಮ ಟವೆಲ್ ಮೇಲೆ ರಕ್ತ ಇತ್ತು. ನಾನು ಕುಯ್ದುಬಿಟ್ಟೆ ಅಂದ್ಕೊಂಡಿದ್ದೆ. ಅದಕ್ಕೇ ನೀವು ಬರ್ತಿಲ್ಲ ಅಂದ್ಕೊಂಡೆ."

ಮೇಷ್ಟ್ರು ಎದ್ದು ನೆಟ್ಟಗೆ ಕೂತರು. "ಅದು ನಿನ್ನ ಕಿವಿ ರಕ್ತ ಕಣಯ್ಯ, ನನ್ನ ಮೇಲೆ ಬಿತ್ತು. ನಾನು ಬರದೇ ಇದ್ದಿದ್ದು ನಾಚಿಕೆಗೆ. ನನ್ನ ಕತ್ತು ಅಲ್ಲಿ ಇಲ್ಲದಿದ್ರೆ ನೀನು ತಿರುಗಿ ಅವನನ್ನ ಎತ್ತಿ ಹಾಕ್ತಿದ್ದೆ. ಮೂರು ಏಟು ನನಗೋಸ್ಕರ ತಿಂದೆ. ಯಾವ ಮುಖ ಇಟ್ಕೊಂಡು ಬರ್ಲಿ? ಅದರಲ್ಲೂ ನೀನು ಅಂದ ಮಾತು ನೆನಪಾದಾಗೆಲ್ಲ..."

"ನಾನು? ನಾನೇನೂ ಅನ್ಲಿಲ್ವಲ್ಲ ಮೇಷ್ಟ್ರೇ. ಕಂಬ ನಿಂತ ಹಾಗೆ ನಿಂತಿದ್ದೆ."

"ನಿನಗೆ ನೆನಪಿಲ್ವೇ?" ಮೇಷ್ಟ್ರು ಕನ್ನಡಿಯಲ್ಲಿ ಅವನನ್ನೇ ನೋಡಿದರು. "ಎರಡನೇ ಏಟು ಬಿದ್ದ ಮೇಲೆ ನನ್ನ ಹಣೆ ಒತ್ತಿ ಹಿಡಿದೆ. ಕಿವಿ ಹತ್ರ ಬಗ್ಗಿ ಅಂದೆ, ದಿನಾ ಮಾತಾಡೋ ದನಿಯಲ್ಲೇ. 'ಉಗುಳು ನುಂಗ್ಬೇಡಿ ಮೇಷ್ಟ್ರೇ, ಅಲಗು ಹತ್ರ ಇದೆ' ಅಂದೆ. ಆಮೇಲೆ ಮೂರನೇ ಏಟು ಬಿತ್ತು."

ಮಾಮನಿಗೆ ಆ ಮಾತು ನೆನಪಾಗಲಿಲ್ಲ, ಆದರೆ ಅದು ತನ್ನದೇ ಮಾತೆಂದು ಗೊತ್ತಾಯಿತು. ಬೇರೆ ಯಾರೂ ಅಂಥ ಹೊತ್ತಿನಲ್ಲಿ ಅದನ್ನು ಹೇಳಲಾರರು. ಎದೆ ತುಂಬಿ ಬಂತು. ಹೆಮ್ಮೆಯೇ ಅದು, ಬೇರೆ ಹೆಸರಿಲ್ಲ. ಉಳಿದ ಎರಡು ಎಳೆತ ಮುಗಿಸಿ, ಪಟಿಕ ತಿಕ್ಕಿ, ಮೇಷ್ಟ್ರ ಮುಖ ಒರೆಸಿ ಕಳಿಸಿದ. ನಾಡಿದ್ದು ಬರುತ್ತೇನೆ ಎಂದರು ಮೇಷ್ಟ್ರು.

ಭಾವಮೈದ ತನ್ನ ಗಿರಾಕಿಯ ಕೂದಲು ಮುಗಿಸಿದ. ಗಿರಾಕಿ ಹೋದ ಮೇಲೆ ಕೈ ತೊಳೆದ, ಒರೆಸಿಕೊಂಡ, ಮತ್ತೊಮ್ಮೆ ತೊಳೆದ. ಮೂರು ದಿನದ ಗಡ್ಡ ಅವನದು, ಯಾವಾಗಲೂ ತಾನೇ ಟ್ರಿಮ್ಮರಿನಲ್ಲಿ ಮಾಡಿಕೊಳ್ಳುವವನು. ಬಾಗಿಲ ಕಡೆ ಬಂದು ಮೊದಲನೇ ಕುರ್ಚಿಯ ಮುಂದೆ ನಿಂತ. ಅದು ಇನ್ನು ಎರಡು ದಿನಕ್ಕೆ ತನ್ನದಾಗಬೇಕಿದ್ದ ಕುರ್ಚಿ.

"ಭಾವ" ಎಂದ. ಕುರ್ಚಿ ಹತ್ತಿ ಕೂತ. ತಲೆ ಹಿಂದಕ್ಕೆ ಹಾಕಿ ಗಂಟಲು ಮೇಲೆ ಮಾಡಿ ಕಣ್ಣು ಮುಚ್ಚಿಕೊಂಡ.

ಮಾಮ ಅವನ ಕೊರಳಿಗೆ ಟವೆಲ್ಲು ಸುತ್ತಿ, ಹೊಸ ಬ್ಲೇಡು ಮುರಿದ.